ಭೂಗೋಳವನ್ನು ಆರಿಸಿಕೊಳ್ಳುವವರು

ಭೂಗೋಳವೆಂದರೆ ನದಿಗಳ ಪಟ್ಟಿ, ರಾಜಧಾನಿಗಳ ಬಾಯಿಪಾಠ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಚರಿತ್ರೆಗಿರುವ ಗೌರವ ಅದಕ್ಕಿಲ್ಲ. ವಿಜ್ಞಾನಕ್ಕಿರುವ ಬೆಲೆಯಂತೂ ಇಲ್ಲವೇ ಇಲ್ಲ. ಆದರೆ ಈ ಅನಾದರ ನಮ್ಮೊಬ್ಬರದೇ ಅಲ್ಲ. ನಮ್ಮ ಇಂದಿನ ಶಾಲಾಪದ್ಧತಿ ಎಲ್ಲಿಂದ ಬಂದಿತೋ ಆ ಇಂಗ್ಲೆಂಡಿನಲ್ಲಿಯೂ ಭೂಗೋಳವು ಬಹುಕಾಲ ಬಾಗಿಲ ಹೊರಗೇ ನಿಂತಿತ್ತು.

ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿಯು 1884ರಲ್ಲಿ ಜಾನ್ ಸ್ಕಾಟ್ ಕೆಲ್ಟಿ ಎಂಬವರನ್ನು ಭೂಗೋಳ ಶಿಕ್ಷಣದ ಸ್ಥಿತಿಯನ್ನು ಪರಿಶೀಲಿಸಲು ನೇಮಿಸಿತು. ಜರ್ಮನಿಯೊಡನೆ ಹೋಲಿಸಿದರೆ ಇಂಗ್ಲೆಂಡ್ ಬಹಳ ಹಿಂದುಳಿದಿದೆ ಎಂಬುದು ಅವರ ವರದಿಯ ಸಾರ. 1887ರಲ್ಲಿ ಹಾಲ್ಫರ್ಡ್ ಮ್ಯಾಕಿಂಡರ್ ಆಕ್ಸ್‌ಫರ್ಡಿನಲ್ಲಿ ಭೂಗೋಳದ ರೀಡರ್ ಆದರು. ಅವರ ಮೊದಲ ಉಪನ್ಯಾಸಕ್ಕೆ ಬಂದವರು ಮೂವರು. ಅವರಲ್ಲಿ ಇಬ್ಬರು ಹೆಣಿಗೆಯನ್ನು ಜೊತೆಗೆ ತಂದಿದ್ದ ಮಹಿಳೆಯರಂತೆ! ಆದರೂ ಅವರು ಎದೆಗುಂದಲಿಲ್ಲ. 1904ರಲ್ಲಿ ಸರ್ಕಾರವು ಪ್ರೌಢಶಾಲೆಗಳಿಗೆ ಮಾಡಿದ ನಿಯಮಾವಳಿಯಲ್ಲಿ ಭೂಗೋಳಕ್ಕೆ ಸ್ಥಾನ ದೊರೆಯಿತು.

ಇದರ ಹಿಂದೆ ಜ್ಞಾನದಾಹವೊಂದೇ ಇರಲಿಲ್ಲ. ಸಾಮ್ರಾಜ್ಯವನ್ನು ಆಳುವವರ ಮಕ್ಕಳಿಗೆ ಸಾಮ್ರಾಜ್ಯದ ಚಿತ್ರ ಕಣ್ಮುಂದೆ ಕಟ್ಟಬೇಕಾಗಿತ್ತು. ಮ್ಯಾಕಿಂಡರ್ 1910ರಲ್ಲಿ ಭಾರತವನ್ನು ಕುರಿತ ಎಂಟು ಉಪನ್ಯಾಸಗಳ ಪುಸ್ತಕವನ್ನು ಪ್ರಕಟಿಸಿದ್ದು ಈ ಉದ್ದೇಶದಿಂದಲೇ. ನಮ್ಮ ನೆಲವು ಅವರ ಮಕ್ಕಳಿಗೆ ಪಾಠವಾಯಿತು. ನಮ್ಮ ಮಕ್ಕಳಿಗೆ ಅದು ಪಾಠವಾಗಬೇಕೇ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ಸ್ವಾತಂತ್ರ್ಯಾನಂತರ, 1952–53ರಲ್ಲಿ, ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು ಚರಿತ್ರೆ, ಭೂಗೋಳ, ಪೌರನೀತಿಗಳನ್ನು 'ಸಮಾಜ ಪರಿಚಯ'ವೆಂದು ಒಂದುಗೂಡಿಸಿ ಎಲ್ಲರಿಗೂ ಕಲಿಸಬೇಕೆಂದಿತು. ಜೊತೆಗೆ, ಮಾನವಿಕ ವಿಷಯಗಳ ಗುಂಪಿನಲ್ಲಿ ಭೂಗೋಳವನ್ನು ಐಚ್ಛಿಕವಾಗಿಯೂ ಇರಿಸಿತು. ಹೀಗೆ ಭೂಗೋಳವು ಒಂದು ಕಡೆ ಎಲ್ಲರ ಊಟದ ಒಂದು ತುತ್ತಾಯಿತು. ಇನ್ನೊಂದು ಕಡೆ ಬೇಕಾದವರು ಮಾತ್ರ ಬಡಿಸಿಕೊಳ್ಳುವ ಪದಾರ್ಥವಾಯಿತು. ಇಂದಿಗೂ ಹತ್ತನೆಯ ತರಗತಿಯವರೆಗೆ ಅದು ಸಮಾಜ ವಿಜ್ಞಾನದ ಒಂದು ಭಾಗ. ಪಿಯುಸಿಯಲ್ಲಿ ಆರಿಸಿಕೊಂಡವರ ಪಾಲು.

ನನ್ನ ನೆರೆಮನೆಯ ಹುಡುಗಿಯೊಬ್ಬಳು ಪಿಯುಸಿಗೆ ಭೂಗೋಳ ತೆಗೆದುಕೊಳ್ಳುತ್ತೇನೆಂದಾಗ ಅವಳ ಸೋದರಮಾವ, "ಅದನ್ನು ಓದಿ ಏನಮ್ಮಾ ಮಾಡ್ತೀಯೆ?" ಎಂದು ಕೇಳಿದರು. ಅವರದು ಅಕ್ಕರೆಯ ಪ್ರಶ್ನೆಯೇ. ಸಂಬಳದ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಮಾವನವರು ಮಾತಿನ ನಡುವೆ ಕುಡಿದ ನೀರಿನಲ್ಲಿಯೇ ಅದಕ್ಕೆ ಉತ್ತರವಿತ್ತೆಂದು ನನಗೆ ತೋರುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲಿದೆ. ಪಕ್ಕದಲ್ಲಿ ಹೇಳಿಕೊಳ್ಳುವಂಥ ದೊಡ್ಡ ನದಿಯಿಲ್ಲ. ಹಿಂದಿನವರು ಮಳೆಯ ನೀರನ್ನು ಕೆರೆಗಳಲ್ಲಿ ತಡೆದರು. ಊರು ಬೆಳೆಯಿತು, 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ಬಂದಿತು. ಅದೂ ಸಾಲದೆ 1974ರಲ್ಲಿ ಕಾವೇರಿಯೇ ಬರಬೇಕಾಯಿತು, ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಮೇಲಕ್ಕೆ ಏರಿ. ಅಷ್ಟರಲ್ಲಿ ಎಷ್ಟೋ ಕೆರೆಗಳ ಮೇಲೆ ಬಡಾವಣೆಗಳೆದ್ದಿದ್ದವು, ಬಸ್ ನಿಲ್ದಾಣವೂ ಬಂದಿತ್ತು. ಮಳೆಗಾಲದಲ್ಲಿ ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಮನೆಯೊಳಗೆ ನುಗ್ಗಿದಾಗ ನಾವು ಮಳೆಯನ್ನು ಬೈಯುತ್ತೇವೆ.

ಚರಿತ್ರೆ ಯಾವಾಗ ಎಂದು ಕೇಳುತ್ತದೆ. ಭೂಗೋಳ ಎಲ್ಲಿ, ಏಕೆ ಅಲ್ಲಿಯೇ ಎಂದು ಕೇಳುತ್ತದೆ. ಎರಡನೆಯ ಪ್ರಶ್ನೆಯನ್ನು ಕೇಳುವವರು ಊರಿನಲ್ಲಿ ನಾಲ್ಕು ಮಂದಿಯಾದರೂ ಇರಬೇಕು. ಆ ಹುಡುಗಿ ಭೂಗೋಳವನ್ನೇ ಆರಿಸಿಕೊಂಡಳು. ನಾಲ್ವರಲ್ಲಿ ಒಬ್ಬಳು ಸಿಕ್ಕಳೆಂದು ನನಗೆ ಸಮಾಧಾನ.