ಕಡತ, ಬಳಪ ಮತ್ತು ಗಣಕ

2002ರ ಸುಮಾರಿಗೆ ಅರಸೀಕೆರೆಯ ಬಳಿಯ ನಮ್ಮ ಶಾಲೆಗೆ ಗಣಕಯಂತ್ರ ಬಂದಾಗ, ಅದರ ಅಂಗಗಳ ಹೆಸರುಗಳನ್ನು ಕರಿಹಲಗೆಯ ಮೇಲೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಮಾನಿಟರ್, ಕೀಬೋರ್ಡ್, ಮೌಸ್, ಪ್ರಿಂಟರ್. ಮಕ್ಕಳು ಇವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದರು. ಯಂತ್ರವನ್ನು ಮುಟ್ಟಲು ಮಾತ್ರ ಹಿಂಜರಿದರು. ಒಬ್ಬ ಹುಡುಗಿ ಎದ್ದು ನಿಂತು, "ಸಾರ್, ಇವಕ್ಕೆ ನಮ್ಮ ಹೆಸರಿಲ್ಲವೇ?" ಎಂದು ಕೇಳಿದಳು. ಯಂತ್ರ ನನಗೂ ಹೊಸದೇ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನಾನು ಅದನ್ನು ಕಲಿತೆ.

ಮೊದಲು ಯಂತ್ರದ ಹೆಸರು. ಸಂಸ್ಕೃತದಲ್ಲಿ 'ಗಣಕ' ಎಂದರೆ ಲೆಕ್ಕ ಹಾಕುವವನು, ಜ್ಯೋತಿಷಿ. ಇಂಗ್ಲಿಷಿನ 'ಕಂಪ್ಯೂಟರ್' ಪದವೂ 20ನೆಯ ಶತಮಾನದ ನಡುಭಾಗದವರೆಗೆ ಲೆಕ್ಕ ಮಾಡುವ ನೌಕರರನ್ನೇ ಸೂಚಿಸುತ್ತಿತ್ತು. ಎರಡೂ ಭಾಷೆಗಳಲ್ಲಿ ಮನುಷ್ಯನ ಹೆಸರೇ ಯಂತ್ರಕ್ಕೆ ಸಂದಿತು.

ಕೈಗೆ ಸಿಗುವ ಭಾಗಗಳು ಯಂತ್ರಾಂಶ. ಅವನ್ನು ನಡೆಸುವ ಸೂಚನೆಗಳು ತಂತ್ರಾಂಶ. ಹಾರ್ಮೋನಿಯಂ ಯಂತ್ರಾಂಶವಾದರೆ ಅದರಲ್ಲಿ ನುಡಿಸುವ ರಾಗ ತಂತ್ರಾಂಶ ಎಂದೆ, ತರಗತಿಗೆ ಅರ್ಥವಾಯಿತು. ಕೀಲಿಮಣೆಯ 'ಮಣೆ'ಯಂತೂ ಈಳಿಗೆಮಣೆ, ಅಳಗುಳಿಮಣೆಗಳಿಂದ ಮಕ್ಕಳಿಗೆ ಪರಿಚಿತವೇ.

ನನ್ನನ್ನು ಹೆಚ್ಚು ಸೆಳೆದ ಪದ 'ಕಡತ'. ಫೈಲ್ ಎಂಬುದಕ್ಕೆ ನಾವು ಬಳಸುವ ಈ ಪದಕ್ಕೆ ಶತಮಾನಗಳ ಬಾಳಿಕೆಯಿದೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಮಡಿಸಿದ ಕಪ್ಪು ಪುಸ್ತಕವೇ ಕಡತ. ವರ್ತಕರೂ ಮಠಗಳವರೂ ಅದರಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯುತ್ತಿದ್ದರು. ಗಣಕದ ಕಡತವೂ ಹಾಗೆಯೇ ಅಲ್ಲವೇ? ಹಳೇಬೀಡಿನ ಪ್ರವಾಸದಲ್ಲಿ ಹೊಯ್ಸಳೇಶ್ವರನ ಗೋಡೆಯ ಮುಂದೆ ಮಕ್ಕಳನ್ನು ನಿಲ್ಲಿಸಿ, ಈ ದೇವಾಲಯವನ್ನೂ ಬೇಲೂರಿನ 1117ರ ಚೆನ್ನಕೇಶವ ದೇವಾಲಯವನ್ನೂ ಕಡೆದದ್ದು ಬಳಪದ ಕಲ್ಲಿನಲ್ಲಿ ಎಂದು ಹೇಳಿದೆ. ತಮ್ಮ ಸ್ಲೇಟಿನ ಬಳಪವೂ ಅದೇ ಬಳಗದ್ದೆಂದು ತಿಳಿದು ಅವರು ಬೆರಗಾದರು.

ಕನ್ನಡದ ಹೆಸರು ದೊರೆತರೂ ಕನ್ನಡದಲ್ಲಿ ಬರೆಯುವುದು ಹೇಗೆ? ಅದಕ್ಕೆ ದಾರಿ ಮಾಡಿದವರಲ್ಲಿ ಕೆ.ಪಿ. ರಾವ್ ಅವರು ಪ್ರಮುಖರು. ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಳಸಿತು. ಸರ್ಕಾರವೂ ಅದನ್ನು ಒಪ್ಪಿತು. ಶೇಷಾದ್ರಿವಾಸು ಅವರ 'ಬರಹ' 1998ರಲ್ಲೇ ಬಂದಿತ್ತು. ರಾಯರ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿಯನ್ನು ಒತ್ತಬೇಕು. ಅಂದು ಪ್ರಶ್ನೆ ಕೇಳಿದ ಹುಡುಗಿಯೇ ಎ, ಎಂ, ಎಫ್, ಎಂ ಎಂದು ನಾಲ್ಕು ಕೀಲಿಗಳನ್ನು ಒತ್ತಿದಳು. ಪರದೆಯ ಮೇಲೆ 'ಅಮ್ಮ' ಮೂಡಿತು. ಅನಂತರ ಯಂತ್ರಕ್ಕೆ ಯಾರೂ ಹೆದರಲಿಲ್ಲ.

ಹೆದರಿಕೆ ನನಗೆ ಬಂದದ್ದು ಆಮೇಲೆ. ಅದೇ ವರ್ಷಗಳಲ್ಲಿ ಹಲ್ಮಿಡಿ ಶಾಸನದ ಬಗ್ಗೆ ಒಂದು ದೀರ್ಘ ಲೇಖನವನ್ನು ಬೆರಳಚ್ಚು ಮಾಡಿ ಉಳಿಸಿದ್ದೆ. ಕೆಲವು ವರ್ಷಗಳ ನಂತರ ಬೇರೊಂದು ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು! ಆಗಿನ ಅಕ್ಷರಶೈಲಿಗಳಲ್ಲಿ ಕನ್ನಡದ ಅಕ್ಷರಗಳು ರೋಮನ್ ಅಕ್ಷರಗಳ ಸಂಖ್ಯೆಗಳನ್ನು ಎರವಲು ಪಡೆದಿದ್ದವು. ಆ ಶೈಲಿ ಇಲ್ಲದ ಕಡೆ ಕನ್ನಡವೂ ಇಲ್ಲ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ, 'ಅ'ಕಾರದ್ದು 3205. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ನಮ್ಮ ಊರಿನ ಬಳಕೆಗೆ ಬಂದದ್ದು ತಡವಾಗಿ.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಿಲ್ಪಿ ಸುಮಾರು ಕ್ರಿ.ಶ. 450ರಲ್ಲಿ ಕೊರೆದ 16 ಸಾಲುಗಳನ್ನು ಇಂದೂ ಓದಬಹುದು. ಅದೇ ಶಾಸನದ ಬಗ್ಗೆ ನಾನು ಬರೆದದ್ದು ಹತ್ತು ವರ್ಷವೂ ಬಾಳಲಿಲ್ಲ. ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ: ನಿಮ್ಮ ಹಳೆಯ ಕಡತಗಳಲ್ಲಿ ತಂದೆತಾಯಿಯರ ಬರಹಗಳಿದ್ದರೆ, ಪರಿವರ್ತಕ ತಂತ್ರಾಂಶದ ನೆರವಿನಿಂದ ಈಗಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ.