ಹೊಳೆಯಾಚೆಯ ಹಿರಿಯರು: ಶಾಂತರಸರ ಬಾಳು ಮತ್ತು ಬರಹ

ಕೃಷ್ಣಾ ನದಿಯ ಈ ದಡದಲ್ಲಿ ನಿಂತು ಕನ್ನಡದ ಮಾತನಾಡುವ ನಮಗೆ ಆಚೆಯ ದಡ ಎಂದಿಗೂ ಪರನಾಡಾಗಿ ಕಂಡಿಲ್ಲ. ರೈಲು ಕೃಷ್ಣಾ ನಿಲ್ದಾಣವನ್ನು ಬಿಟ್ಟು ಸೇತುವೆ ದಾಟಿದರೆ ಕರ್ನಾಟಕ. ಸಂತೆಗೆ, ದವಾಖಾನೆಗೆ, ಕಾಲೇಜಿಗೆ, ಕನ್ಯೆಯನ್ನು ನೋಡುವುದಕ್ಕೆ ನಮ್ಮ ಹಿರಿಯರು ನಡೆದಿದ್ದು ರಾಯಚೂರಿನ ದಾರಿಯನ್ನೇ. ಆ ರಾಯಚೂರು ಸೀಮೆಯಲ್ಲಿ ಹುಟ್ಟಿ, ಅಲ್ಲಿಯೇ ಬಾಳಿ, ಕನ್ನಡಕ್ಕೆ ಹೊಸದೊಂದು ಕಾವ್ಯಪ್ರಕಾರವನ್ನು ಒಗ್ಗಿಸಿಕೊಟ್ಟ ಶಾಂತರಸರನ್ನು ಈ ಸಾಹಿತ್ಯ ಸಮಾವೇಶದ ಸಂದರ್ಭದಲ್ಲಿ ನೆನೆಯುವುದು ಗಡಿನಾಡಿನ ನಮಗೆ ಉಚಿತವೆಂದು ಭಾವಿಸುತ್ತೇವೆ.

ಶಾಂತರಸರು ಜನಿಸಿದ್ದು 1924ರ ಏಪ್ರಿಲ್ 7ರಂದು, ರಾಯಚೂರು ಜಿಲ್ಲೆಯ ಹೆಂಬೆರಾಳು ಗ್ರಾಮದಲ್ಲಿ. ಮನೆಯವರು ಇಟ್ಟ ಹೆಸರು ಶಾಂತಯ್ಯ. ಸಾಹಿತ್ಯಲೋಕ ಅವರನ್ನು ಶಾಂತರಸ ಹೆಂಬೆರಾಳು ಎಂದು ಬಲ್ಲದು. ಊರಿನ ಹೆಸರನ್ನು ಕೊನೆಯವರೆಗೂ ತಮ್ಮ ಹೆಸರಿನ ಜೊತೆಯಲ್ಲಿಯೇ ಉಳಿಸಿಕೊಂಡವರು ಅವರು.

ಅವರು ಹುಟ್ಟಿದ ಕಾಲದಲ್ಲಿ ಹೊಳೆಯ ಎರಡು ದಡಗಳೂ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೂ ರಾಯಚೂರು ಜಿಲ್ಲೆಯ ಭಾಗಗಳೇ ಆಗಿದ್ದವು ಎಂಬುದನ್ನು ಇಂದಿನ ಮಕ್ಕಳು ತಿಳಿದಿರಬೇಕು. ಸಂಸ್ಥಾನದ ಪ್ರಜೆಗಳು ತೆಲುಗು, ಮರಾಠಿ, ಕನ್ನಡಗಳನ್ನು ಆಡುತ್ತಿದ್ದರೂ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಹೀಗಾಗಿ ಅರ್ಜಿ, ಕಚೇರಿ, ಜಮೀನು, ವಕೀಲ, ತಹಸೀಲು ಎಂಬ ಮಾತುಗಳು ಅಕ್ಷರ ಬಾರದ ರೈತನ ಬಾಯಿಯಲ್ಲಿಯೂ ನೆಲೆಯಾದವು. ಓದಬೇಕೆನ್ನುವ ಕನ್ನಡದ ಹುಡುಗನಾದರೋ ಮನೆಯ ಮಾತನ್ನು ಹೊಸ್ತಿಲಲ್ಲಿ ಬಿಟ್ಟು ಶಾಲೆಯೊಳಗೆ ಕಾಲಿಡಬೇಕಾಗಿತ್ತು.

ಇಂತಹ ಕಾಲದಲ್ಲಿಯೂ ಕನ್ನಡದ ದೀಪ ಆರಿರಲಿಲ್ಲ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿಯೇ ಸೇರಿತು. ಶಾಂತರಸರು ಆಗ ಹತ್ತು ವರ್ಷದ ಬಾಲಕ. ಅವರು ಬೆಳೆದು ಯುವಕರಾಗುವ ಹೊತ್ತಿಗೆ ಸಂಸ್ಥಾನದ ಜನರು ಸ್ವಾತಂತ್ರ್ಯಕ್ಕಾಗಿ ಎದ್ದು ನಿಂತಿದ್ದರು. ಭಾರತ 1947ರಲ್ಲಿ ಸ್ವತಂತ್ರವಾದರೂ ನಮ್ಮ ಭಾಗಕ್ಕೆ ಬಿಡುಗಡೆ ದೊರೆತದ್ದು 1948ರ ಸೆಪ್ಟೆಂಬರ್ 17ರಂದು. ನಡುವಣ ಹದಿಮೂರು ತಿಂಗಳುಗಳಲ್ಲಿ ರಜಾಕಾರರ ಹಾವಳಿಯಿಂದ ಹಳ್ಳಿಗಳು ಪಟ್ಟ ಪಾಡನ್ನು ಹಿರಿಯರ ಬಾಯಿಂದ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಶಾಂತರಸರು ಆ ವಿಮೋಚನಾ ಚಳವಳಿಯಲ್ಲಿ ಪಾಲ್ಗೊಂಡರು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಯಾವ ಪ್ರಭುತ್ವದ ವಿರುದ್ಧ ಅವರು ಹೋರಾಡಿದರೋ ಆ ಪ್ರಭುತ್ವದ ಭಾಷೆ ಉರ್ದು. ಹೋರಾಟ ಮುಗಿದ ಮೇಲೆ ಆ ಭಾಷೆಯನ್ನು ದೂರ ತಳ್ಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಶಾಂತರಸರು ಹಾಗೆ ಮಾಡಲಿಲ್ಲ. ಆಳುವವರ ದರ್ಪ ಬೇರೆ, ಅವರು ಬಳಸಿದ ನುಡಿಯ ಸಂಪತ್ತು ಬೇರೆ ಎಂಬ ವಿವೇಕ ಅವರಲ್ಲಿತ್ತು. ದರ್ಪವನ್ನು ಎದುರಿಸಿದರು, ಸಂಪತ್ತನ್ನು ಕನ್ನಡದ ಮನೆಗೆ ತಂದರು.

ವೃತ್ತಿಯಿಂದ ಅವರು ಅಧ್ಯಾಪಕರು. ರಾಯಚೂರಿನಲ್ಲಿ ಕನ್ನಡವನ್ನು ಕಲಿಸುತ್ತ ಕವಿತೆ, ಕತೆ, ಕಾದಂಬರಿ, ನಾಟಕ, ಅನುವಾದಗಳೆಂದು ಹಲವು ಕ್ಷೇತ್ರಗಳಲ್ಲಿ ದುಡಿದರು. ‘ಸಣ್ಣ ಗೌಡಸಾನಿ’ ಅವರ ಹೆಸರಾಂತ ಕಾದಂಬರಿ. ಗೌಡರ ಮನೆಯ ಹೆಣ್ಣುಮಗಳನ್ನು ಗೌಡಸಾನಿ ಎಂದು ಕರೆಯುವ ನಮ್ಮ ಭಾಗದ ಆಡುಮಾತನ್ನೇ ಅವರು ಪುಸ್ತಕದ ನೆತ್ತಿಯ ಮೇಲೆ ಬರೆದರು. ಅವರ ಕಥಾಸಂಕಲನವೊಂದರ ಹೆಸರು ‘ಬಡೇಸಾಬು ಪುರಾಣ’. ಮುಸಲ್ಮಾನರ ಮನೆಯ ಹೆಸರೊಂದು ಪುರಾಣವೆಂಬ ಸಂಸ್ಕೃತ ಶಬ್ದದ ಪಕ್ಕದಲ್ಲಿ ಕುಳಿತಿದೆ. ಉರುಸಿಗೂ ಜಾತ್ರೆಗೂ ಒಂದೇ ಬಂಡಿ ಕಟ್ಟಿಕೊಂಡು ಹೋಗುವ, ಮೊಹರಮ್ಮಿನ ಅಲಾಯಿಯ ಸುತ್ತ ಎಲ್ಲ ಜಾತಿಯವರೂ ಹೆಜ್ಜೆ ಹಾಕುವ ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಆ ಶೀರ್ಷಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅವರ ಹೆಸರನ್ನು ಸ್ಥಿರಗೊಳಿಸಿದ್ದು ಗಜಲ್. ಉರ್ದುವಿನ ಈ ಕಾವ್ಯಪ್ರಕಾರವನ್ನು ಕನ್ನಡದಲ್ಲಿ ನೆಲೆಗೊಳಿಸಿದ ಮೊದಲಿಗರಲ್ಲಿ ಅವರು ಪ್ರಮುಖರು. ‘ಗಜಲ್ ಮತ್ತು ಬಿಡಿ ದ್ವಿಪದಿ’ ಎಂಬುದು ಈ ಬಗೆಯ ಅವರ ಕೃತಿ. ಗಜಲ್ ಎಂದರೆ ಕೇವಲ ಪ್ರೇಮದ ಹಾಡೆಂದು ತಿಳಿಯುವವರುಂಟು. ಅದರ ಕಟ್ಟುಪಾಡು ಬಹಳ ಬಿಗಿಯಾದುದು. ಎರಡೆರಡು ಸಾಲುಗಳ ದ್ವಿಪದಿಗೆ ಷೇರ್ ಎಂದು ಹೆಸರು. ಪ್ರತಿಯೊಂದು ಷೇರೂ ತನ್ನಷ್ಟಕ್ಕೆ ಪೂರ್ಣವಾದ ಅರ್ಥವನ್ನು ಕೊಡಬೇಕು. ಸಾಲಿನ ತುದಿಯಲ್ಲಿ ಬದಲಾಗದೆ ಮರಳಿ ಬರುವ ಪದ ರದೀಫ್. ಅದರ ಹಿಂದೆ ಪ್ರಾಸವಾಗಿ ಬರುವ ಪದ ಕಾಫಿಯಾ. ‘ಹರಿಯಿತು ಇಂದು’, ‘ಸುರಿಯಿತು ಇಂದು’ ಎಂದು ನಾವೊಂದು ಉದಾಹರಣೆ ಕಟ್ಟಿಕೊಂಡರೆ ‘ಇಂದು’ ಎಂಬುದು ರದೀಫ್, ‘ಹರಿಯಿತು, ಸುರಿಯಿತು’ ಎಂಬುವು ಕಾಫಿಯಾ. ಮತ್ಲಾ ಎಂಬ ಮೊದಲ ಷೇರಿನ ಎರಡು ಸಾಲುಗಳಲ್ಲಿಯೂ ಇವು ಬರಬೇಕು. ಮುಂದಿನ ಷೇರುಗಳಲ್ಲಿ ಎರಡನೆಯ ಸಾಲಿನಲ್ಲಿ ಮಾತ್ರ. ಕೊನೆಯ ಷೇರು ಮಕ್ತಾ. ಅಲ್ಲಿ ಕವಿ ತನ್ನ ಕಾವ್ಯನಾಮವನ್ನು ಸೇರಿಸುವುದು ವಾಡಿಕೆ.

ಈ ಕೊನೆಯ ಲಕ್ಷಣ ನಮ್ಮವರಿಗೆ ಹೊಸದೇನಲ್ಲ. ವಚನಕಾರರ ಅಂಕಿತವನ್ನು ನಾವು ಬಲ್ಲೆವು. ಮಾನ್ವಿಯ ಜಗನ್ನಾಥದಾಸರ ಅಂಕಿತವನ್ನೂ ಗದ್ವಾಲ ಸೀಮೆಯ ಉತ್ತನೂರಿನಲ್ಲಿ ನೆಲೆಸಿದ ಗೋಪಾಲದಾಸರ ಅಂಕಿತವನ್ನೂ ನಮ್ಮ ಮನೆಗಳಲ್ಲಿ ನಿತ್ಯ ಹಾಡುತ್ತೇವೆ. ಎರಡು ಬೇರೆ ದೇಶಗಳಿಂದ ಹರಿದು ಬಂದ ಎರಡು ಪರಂಪರೆಗಳು ಒಂದೇ ಪದ್ಧತಿಯನ್ನು ಕಂಡುಕೊಂಡಿರುವುದು ಸೋಜಿಗ. ತಂಗಡಿಯಲ್ಲಿ ಭೀಮೆ ಕೃಷ್ಣೆಯನ್ನು ಕೂಡುವಂತೆ ಅವೆರಡೂ ಈ ಸೀಮೆಯಲ್ಲಿ ಕೂಡಿದವು. ಪಾರಸಿ, ಉರ್ದುಗಳ ಗಜಲ್ ಕನ್ನಡದಲ್ಲಿ ಬೇರೂರುವುದಕ್ಕೆ ರಾಯಚೂರಿಗಿಂತ ಹದವಾದ ನೆಲ ಬೇರೆಲ್ಲಿ ದೊರೆತೀತು? ಅವರ ಮಗಳಾದ ಎಚ್. ಎಸ್. ಮುಕ್ತಾಯಕ್ಕನವರು ಗಜಲ್ ರಚನೆಯಲ್ಲಿ ಹೆಸರು ಮಾಡಿದರು. ಇಂದು ಕಲ್ಯಾಣ ಕರ್ನಾಟಕದ ತರುಣ ಕವಿಗಳಲ್ಲಿ ಗಜಲ್ ಬರೆಯುವವರ ಸಂಖ್ಯೆ ದೊಡ್ಡದಿದೆ.

2006ರಲ್ಲಿ ಬೀದರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶಾಂತರಸರು ಅಧ್ಯಕ್ಷರಾದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಒಂದು ಕಾಲಕ್ಕೆ ಕನ್ನಡ ಶಾಲೆಗಾಗಿ ಅಂಗಲಾಚಬೇಕಾಗಿದ್ದ ಸಂಸ್ಥಾನದ ಮಗ, ಅದೇ ಸಂಸ್ಥಾನಕ್ಕೆ ಸೇರಿದ್ದ ನಗರದಲ್ಲಿ ಸಮಸ್ತ ಕನ್ನಡಿಗರ ಮುಂದೆ ಆ ಪೀಠದಲ್ಲಿ ಕುಳಿತದ್ದು ಆ ಭಾಗಕ್ಕೇ ಸಂದ ಗೌರವ. 2008ರ ಏಪ್ರಿಲ್ ತಿಂಗಳಲ್ಲಿ ಅವರು ನಿಧನ ಹೊಂದಿದರು.

ಈ ಬಾಳಿನಿಂದ ನಾವು ಕಲಿಯಬೇಕಾದುದೇನು? 1956ರ ನವೆಂಬರ್ 1ರಂದು ರಾಜ್ಯಗಳು ಪುನರ್‌ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯವನ್ನು ಸೇರಿತು, ನಾವು ಆಂಧ್ರಪ್ರದೇಶಕ್ಕೆ ಸೇರಿದೆವು, 2014ರಿಂದ ತೆಲಂಗಾಣದವರಾಗಿದ್ದೇವೆ. ನಮ್ಮ ಕೆಲವು ಗ್ರಾಮಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇನ್ನೂ ಉಳಿದಿವೆ. ಆದರೆ ಆಫೀಸಿನ ಅರ್ಜಿ ತೆಲುಗಿನಲ್ಲಿ, ನೌಕರಿಯ ಪರೀಕ್ಷೆ ಇಂಗ್ಲಿಷಿನಲ್ಲಿ. ಕನ್ನಡದಿಂದ ಏನು ಲಾಭ ಎಂದು ತಂದೆತಾಯಿಗಳು ಕೇಳುವಾಗ ಮೇಷ್ಟ್ರಾದವರಿಗೆ ಉತ್ತರ ಹುಡುಕುವುದು ಸುಲಭವಲ್ಲ. ಶಾಂತರಸರು ಓದಿದ ಕಾಲದ ಪರಿಸ್ಥಿತಿ ಇದಕ್ಕಿಂತ ಕಠಿಣವಾಗಿತ್ತು ಎಂಬುದೇ ನಾವು ಕೊಡಬಹುದಾದ ಉತ್ತರ. ಆಡಳಿತದ ಭಾಷೆಯನ್ನು ಅವರು ಅರಗಿಸಿಕೊಂಡರು, ಆದರೆ ಅದಕ್ಕೆ ತಮ್ಮ ಭಾಷೆಯನ್ನು ಒಪ್ಪಿಸಲಿಲ್ಲ. ನಮ್ಮ ಮಕ್ಕಳು ತೆಲುಗನ್ನು ಚೆನ್ನಾಗಿ ಕಲಿಯಲಿ. ಅದು ನಮ್ಮ ನೆರೆಮನೆಯ ಸಿರಿನುಡಿ. ಜೊತೆಗೆ ಮನೆಯಲ್ಲಿ ದಿನಕ್ಕೆ ಒಂದು ಪುಟವಾದರೂ ಕನ್ನಡವನ್ನು ಓದಲಿ, ಬರೆಯಲಿ. ಎರಡು ನುಡಿಗಳ ನಡುವೆ ಬೆಳೆಯುವವನು ಎರಡನ್ನೂ ಕಳೆದುಕೊಳ್ಳಬಹುದು, ಇಲ್ಲವೆ ಒಂದರ ಸಿರಿಯನ್ನು ಇನ್ನೊಂದಕ್ಕೆ ತಂದುಕೊಡಬಹುದು. ಎರಡನೆಯದು ಸಾಧ್ಯವೆಂದು ಹೊಳೆಯಾಚೆಯ ಹಿರಿಯರೊಬ್ಬರು ಬಾಳಿ ತೋರಿಸಿದ್ದಾರೆ. ಅವರ ಪುಸ್ತಕಗಳನ್ನು ತರಿಸಿ ನಮ್ಮ ಶಾಲೆಗಳ ಕಪಾಟುಗಳಲ್ಲಿ ಇರಿಸುವ ಕೆಲಸವನ್ನು ನಮ್ಮ ಸಂಘವು ಈ ವರ್ಷವೇ ಕೈಗೊಳ್ಳಲಿ ಎಂಬುದು ನಮ್ಮ ವಿನಂತಿ.