ಬಾರ್ಬಾರ್ ದೇವಾಲಯದ ಅಂಗಳ ಮತ್ತು ನಮ್ಮ ಮಹಾನವಮಿ ದಿಬ್ಬ



ಕಳೆದ ರಜೆಯಲ್ಲಿ ಉಡುಪಿಗೆ ಹೋದಾಗ ನಾವೆಲ್ಲ ಅಜ್ಜಿಯನ್ನು ಕರೆದುಕೊಂಡು ಹಂಪಿ ನೋಡಲು ಹೋಗಿದ್ದೆವು. ಮಹಾನವಮಿ ದಿಬ್ಬದ ಮೆಟ್ಟಿಲು ಹತ್ತಲು ಅಜ್ಜಿಗೆ ಆಗಲಿಲ್ಲ. ಕೊಡೆ ಹಿಡಿದುಕೊಂಡು ಕೆಳಗೇ ನಿಂತರು. ನಾನು ಇಳಿದು ಬಂದ ಮೇಲೆ, "ನಿಮ್ಮ ಬಹ್ರೈನಿನಲ್ಲಿ ಹೀಗಿನ ಹಳೆಯ ಜಾಗ ಎಂತದಾದರೂ ಉಂಟಾ ಮಗಾ?" ಎಂದು ಕೇಳಿದರು. ನಾನು ಯೋಚನೆ ಕೂಡ ಮಾಡದೆ, "ಇಲ್ಲ ಅಜ್ಜಿ, ಅಲ್ಲಿ ಮರಳು ಮತ್ತು ಮಾಲ್, ಅಷ್ಟೇ" ಎಂದುಬಿಟ್ಟೆ.

ನಾನು ಹುಟ್ಟಿದ್ದೇ ಬಹ್ರೈನಿನಲ್ಲಿ. ಹದಿನಾರು ವರ್ಷ ಇಲ್ಲಿಯೇ ಇದ್ದು ಕೊಟ್ಟ ಆ ಉತ್ತರ ಪೂರ್ತಿ ತಪ್ಪು ಎಂದು ಗೊತ್ತಾದದ್ದು ಎರಡು ತಿಂಗಳ ನಂತರ.

ಶಾಲೆ ಶುರುವಾದ ಮೇಲೆ ಇತಿಹಾಸದ ಟೀಚರ್ ಪ್ರಾಚೀನ ಕಾಲದ ಉತ್ಸವದ ಅಂಗಳಗಳ ಬಗ್ಗೆ ಪ್ರಾಜೆಕ್ಟ್ ಕೊಟ್ಟರು. ನನ್ನ ಪಾಲಿಗೆ ಬಂದದ್ದು ಮೆಕ್ಸಿಕೋದ ಮಾಂಟೆ ಆಲ್ಬಾನ್. ಸ್ಪೇನಿನವರು ಅಲ್ಲಿಗೆ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಝಪೊಟೆಕ್ ಜನರು ಬೆಟ್ಟದ ತುದಿಯನ್ನು ಸಮತಟ್ಟು ಮಾಡಿ, ಸುಮಾರು 300 ಮೀಟರ್ ಉದ್ದದ ಅಂಗಳ ನಿರ್ಮಿಸಿದರು. ಅದರ ಸುತ್ತ ಅಗಲವಾದ ಮೆಟ್ಟಿಲುಗಳಿರುವ ಎತ್ತರದ ಜಗಲಿಗಳಿವೆ. ಚಿತ್ರ ನೋಡಿದ ಕೂಡಲೇ ನನಗೆ ಹಂಪಿ ನೆನಪಾಯಿತು. ಹೋಲಿಕೆಗೆ ಇನ್ನೊಂದು ಉದಾಹರಣೆ ಹುಡುಕುತ್ತಿದ್ದಾಗ ಸಿಕ್ಕಿದ್ದು ಬಾರ್ಬಾರ್ ದೇವಾಲಯ. ಅದು ಇರುವುದು ನಾವು ಎಷ್ಟೋ ಸಲ ಓಡಾಡಿರುವ ಬುದೈಯಾ ರಸ್ತೆಯ ಹತ್ತಿರ!

ಮುಂದಿನ ಶನಿವಾರವೇ ಅಪ್ಪನ ಜೊತೆ ಹೋದೆ. ಸುತ್ತಲೂ ಮನೆಗಳು, ನಡುವೆ ತಗ್ಗಿನಲ್ಲಿ ಸುಣ್ಣಕಲ್ಲಿನ ಗೋಡೆಗಳು. ಮೊದಲ ನೋಟಕ್ಕೆ ದೊಡ್ಡದಾಗಿ ಏನೂ ಕಾಣುವುದಿಲ್ಲ. ಆದರೆ ಇದು ಸುಮಾರು 4000 ವರ್ಷಗಳ ಹಿಂದಿನ ದಿಲ್ಮುನ್ ನಾಗರಿಕತೆಯ ದೇವಾಲಯ. ಡೆನ್ಮಾರ್ಕಿನ ಪಿ. ವಿ. ಗ್ಲಾಬ್ ಅವರ ತಂಡ 1954ರಲ್ಲಿ ಇದನ್ನು ಪತ್ತೆ ಮಾಡಿತು. ಅಗೆಯುತ್ತಾ ಹೋದಾಗ ತಿಳಿದದ್ದು, ಇಲ್ಲಿರುವುದು ಒಂದು ದೇವಾಲಯವಲ್ಲ, ಒಂದರ ಮೇಲೊಂದು ಕಟ್ಟಿದ ಮೂರು. ಹಳೆಯದು ಸಾಲದೆ ಬಂದಾಗ ಜನ ಬೇರೆ ಜಾಗಕ್ಕೆ ಹೋಗಲಿಲ್ಲ, ಅದೇ ಜಾಗದಲ್ಲಿ ಮತ್ತೆ ಕಟ್ಟಿದರು.

ಎರಡನೆಯ ದೇವಾಲಯದ ರಚನೆ ಚೆನ್ನಾಗಿ ಅರ್ಥವಾಗುತ್ತದೆ. ನಡುವೆ ಎತ್ತರದ ಜಗಲಿ, ಅದರ ಮೇಲೆ ಪೂಜೆಯ ಸ್ಥಳ. ಪೂರ್ವದ ಕಡೆಗೆ ಒಂದು ಇಳಿಜಾರು ದಾರಿ ಮೊಟ್ಟೆಯಾಕಾರದ ಒಂದು ಅಂಗಳಕ್ಕೆ ಇಳಿಯುತ್ತದೆ. ಆ ಅಂಗಳದಲ್ಲಿ ಬೂದಿ ಮತ್ತು ಪ್ರಾಣಿಗಳ ಮೂಳೆಗಳು ಸಿಕ್ಕಿವೆ, ಅಂದರೆ ಅಲ್ಲಿ ಬಲಿ ನಡೆಯುತ್ತಿತ್ತು. ಪಶ್ಚಿಮದ ಕಡೆಗೆ ಮೆಟ್ಟಿಲುಗಳು ಇಳಿದು ಒಂದು ಕಲ್ಲಿನ ಕೊಳ ಸೇರುತ್ತವೆ. ಅದು ನೆಲದೊಳಗಿನ ಸಿಹಿನೀರಿನ ಬುಗ್ಗೆಯ ಮೇಲೆ ಕಟ್ಟಿದ ಕೊಳ. ಸುಮೇರಿಯನ್ ಕಥೆಗಳಲ್ಲಿ ದಿಲ್ಮುನ್‌ಗೆ ಸಿಹಿನೀರು ಕೊಟ್ಟವನು ಎಂಕಿ ಎಂಬ ದೇವರು. ಆದ್ದರಿಂದ ಈ ದೇವಾಲಯ ಅವನದೇ ಇರಬೇಕು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇಲ್ಲಿ ಸಿಕ್ಕ ತಾಮ್ರದ ಎತ್ತಿನ ತಲೆಯನ್ನು ಮನಾಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಈಗ ಹಂಪಿಯನ್ನು ನೆನಪಿಸಿಕೊಳ್ಳಿ. ಅಲ್ಲಿಯೂ ಎತ್ತರದ ದಿಬ್ಬ, ಮುಂದೆ ವಿಶಾಲವಾದ ಬಯಲು, ಹತ್ತಿರದಲ್ಲಿ ಮೆಟ್ಟಿಲುಗಳ ಪುಷ್ಕರಣಿ. ಸುಮಾರು 1520ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂಬತ್ತು ದಿನಗಳ ಹಬ್ಬವನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಆನೆ ಕುದುರೆಗಳ ಮೆರವಣಿಗೆ, ಕುಸ್ತಿ, ನೃತ್ಯ, ಬಾಣಬಿರುಸು ಎಲ್ಲವೂ ಅದರಲ್ಲಿದೆ. ಅವನಿಗಿಂತ ಮೊದಲು, 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕೂಡ ಈ ಹಬ್ಬವನ್ನು ನೋಡಿದ್ದ. ಬಾರ್ಬಾರ್‌ಗೆ ಇಂಥ ಪ್ರವಾಸಿಗಳ ಬರಹ ಇಲ್ಲ. ಅಲ್ಲಿ ಕಥೆ ಹೇಳಬೇಕಾದದ್ದು ಬೂದಿ, ಮೂಳೆ ಮತ್ತು ಕಲ್ಲುಗಳೇ.

ಮೂರು ಜಾಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದು ವಿಷಯ ಹೊಳೆಯಿತು. ಎತ್ತರದ ಜಾಗ ಕೆಲವರಿಗೆ, ಅಂಗಳ ಹಲವರಿಗೆ. ದೇವರ ಹತ್ತಿರ ಅಥವಾ ರಾಜನ ಹತ್ತಿರ ಯಾರು ಹೋಗಬಹುದು, ಯಾರು ಕೆಳಗೆ ನಿಲ್ಲಬೇಕು ಎಂಬುದನ್ನು ಮೆಟ್ಟಿಲುಗಳೇ ತೀರ್ಮಾನಿಸುತ್ತವೆ. ನಾವು ಫೋಟೋ ತೆಗೆಯುವುದು ದಿಬ್ಬದ್ದು. ಆದರೆ ಕೆಳಗೆ ಜನ ಇಲ್ಲದಿದ್ದರೆ ಮೇಲಿನ ಪೂಜೆಯನ್ನು ನೋಡುವವರು ಯಾರು? ಅಂಗಳವೂ ಕಟ್ಟಡದ ಭಾಗವೇ ಎಂದು ನನ್ನ ಪ್ರಾಜೆಕ್ಟಿನಲ್ಲಿ ಬರೆದೆ.

ಇನ್ನೊಂದು ಮಾತು. ದಿಲ್ಮುನ್ ಜನರು ಸಿಂಧೂ ಕಣಿವೆಯ ಜೊತೆ ವ್ಯಾಪಾರ ಮಾಡುತ್ತಿದ್ದರು. ಬಾರ್ಬಾರ್‌ನಿಂದ ಸ್ವಲ್ಪವೇ ದೂರವಿರುವ ಬಹ್ರೈನ್ ಕೋಟೆಯಲ್ಲಿ ಸಿಂಧೂ ಮಾದರಿಯ ತೂಕದ ಕಲ್ಲುಗಳು ಸಿಕ್ಕಿವೆ. ನಮ್ಮ ಕಡೆಯಿಂದ ಇಲ್ಲಿಗೆ ಬರುವ ದಾರಿ ಅಪ್ಪನ ಕಾಲದ್ದಲ್ಲ, ಬಹಳ ಹಳೆಯದು ಎಂದು ತಿಳಿದಾಗ ಖುಷಿಯಾಯಿತು.

ಆ ರಾತ್ರಿ ಅಜ್ಜಿಗೆ ಫೋನ್ ಮಾಡಿ, "ಅಜ್ಜಿ, ನಾನು ಅವತ್ತು ಸುಳ್ಳು ಹೇಳಿದ್ದೆ, ಇಲ್ಲಿಯೂ ಉಂಟು" ಎಂದು ಎಲ್ಲವನ್ನೂ ಹೇಳಿದೆ. ಅವರು ಜಗಲಿಯ ಬಗ್ಗೆ ಕೇಳಲಿಲ್ಲ, ಬಲಿಯ ಬಗ್ಗೆಯೂ ಕೇಳಲಿಲ್ಲ. "ಕೊಳದಲ್ಲಿ ಈಗ ನೀರುಂಟಾ?" ಎಂದು ಕೇಳಿದರು. ನಾವು ಹೋದ ದಿನ ಇರಲಿಲ್ಲ. "ಛೇ, ದೇವಸ್ಥಾನ ಉಳಿದು ಕೆರೆ ಒಣಗಿದರೆ ಹೇಗೆ?" ಎಂದರು.

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಒಂದು ಕಾಲದಲ್ಲಿ ಬಹ್ರೈನ್ ಸಿಹಿನೀರಿನ ಬುಗ್ಗೆಗಳಿಗೆ ಹೆಸರಾಗಿತ್ತು. ಕಳೆದ ಶತಮಾನದಲ್ಲಿ ಅಂತರ್ಜಲವನ್ನು ಅತಿಯಾಗಿ ಎತ್ತಿದ್ದರಿಂದ ಹೆಚ್ಚಿನವು ಬತ್ತಿಹೋದವು. ಪ್ರಸಿದ್ಧವಾದ ಅಧಾರಿ ಬುಗ್ಗೆಗೂ ಹಾಗೆಯೇ ಆಯಿತು. ಅದರ ಹೆಸರಿನಲ್ಲಿ ಇಲ್ಲಿನವರು ಒಂದು ಗಾದೆ ಹೇಳುತ್ತಾರೆ: ಅಧಾರಿ ದೂರದವರಿಗೆ ನೀರು ಕೊಟ್ಟು ಹತ್ತಿರದವರನ್ನು ಬಿಟ್ಟಿತಂತೆ. ನಮ್ಮಲ್ಲಿ ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವಲ್ಲ, ಹಾಗೆ. ಮೆಕ್ಸಿಕೋದ ಅಂಗಳದ ಅಳತೆ ಗೊತ್ತಿದ್ದು ಬಾರ್ಬಾರ್‌ನ ಹೆಸರೇ ಗೊತ್ತಿಲ್ಲದ ನನಗೆ ಎರಡು ಗಾದೆಗಳೂ ಸರಿಯಾಗಿ ಹೊಂದುತ್ತವೆ.

ಈಗ ಬಿಸಿಲು ಕಡಿಮೆಯಾಗುತ್ತಿದೆ. ಕನ್ನಡ ತರಗತಿಯ ಗೆಳೆಯರೇ, ಒಂದು ಶನಿವಾರ ನಾವೆಲ್ಲ ಒಟ್ಟಿಗೆ ಬಾರ್ಬಾರ್‌ಗೆ ಹೋಗೋಣವೇ? ಮುಂದಿನ ಸಲ ಅಜ್ಜಿ ಇಲ್ಲಿಗೆ ಬಂದಾಗ ಅವರನ್ನೂ ಕರೆದುಕೊಂಡು ಹೋಗುತ್ತೇನೆ. ಇಲ್ಲಿ ಹಂಪಿಯಷ್ಟು ಮೆಟ್ಟಿಲು ಹತ್ತಬೇಕಾಗಿಲ್ಲ.